ಹೊನ್ನೆ ಮರದ ಲೋಟವೂ ಔಷಧದ ಅಳತೆಯೂ



ಮಲೆನಾಡಿನವರಿಗೆ ಹೊನ್ನೆ ಮರವನ್ನು ಪರಿಚಯಿಸಬೇಕಾಗಿಲ್ಲ. ತೊಗಟೆಗೆ ಕತ್ತಿ ತಾಗಿದೊಡನೆ ರಕ್ತದಂತೆ ಕೆಂಪು ಅಂಟು ಒಸರುತ್ತದೆ. ಇದೇ ಮರದ ತಿರುಳಿನಿಂದ ಕಡೆದ ಲೋಟವು ಬೆಂಗಳೂರಿನ ತ್ಯಾಗರಾಜನಗರದಂತಹ ಬಡಾವಣೆಗಳ ಅಡುಗೆಮನೆಯನ್ನೂ ಸೇರುತ್ತದೆ. ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕುಡಿದರೆ ಸಕ್ಕರೆ ಕಾಯಿಲೆ ತಗ್ಗುವುದೆಂಬುದು ನಂಬಿಕೆ. ಆಯುರ್ವೇದದಲ್ಲಿ ವಿಜಯಸಾರವೆಂದು ಹೆಸರಾದ ಈ ಮರವನ್ನು ಆಧುನಿಕ ವೈದ್ಯವೂ ಕಡೆಗಣಿಸಲಿಲ್ಲ.

1980ರ ದಶಕದ ಆರಂಭದಲ್ಲಿ, ಹೊನ್ನೆಯಿಂದ ಬೇರ್ಪಡಿಸಿದ ಎಪಿಕೆಟೆಚಿನ್ ಎಂಬ ಅಂಶವು ಇಲಿಗಳಲ್ಲಿ ಇನ್ಸುಲಿನ್ ಸ್ರವಿಸುವ ಕೋಶಗಳನ್ನು ಮರಳಿ ಬೆಳೆಸಿತೆಂಬ ವರದಿ ಬಂದು ಕುತೂಹಲ ಕೆರಳಿಸಿತು. ಬೇರೆ ಪ್ರಯೋಗಾಲಯಗಳಲ್ಲಿ ಆ ಫಲ ಮತ್ತೆ ದೊರೆಯಲಿಲ್ಲ. ಇಲಿಯ ಮೇಲಿನ ಒಂದು ಗೆಲುವನ್ನು ರೋಗಿಯ ಮನೆಬಾಗಿಲಿಗೆ ಒಯ್ಯುವ ಆತುರ ನಮ್ಮ ಪತ್ರಿಕೆಗಳಿಗೆ ಹೆಚ್ಚು!

ಮನುಷ್ಯರ ಮೇಲಿನ ಪರೀಕ್ಷೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಕೈಗೊಂಡಿತು. 1998ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಕಾಯಿಲೆ ಹೊಸದಾಗಿ ಪತ್ತೆಯಾದ, ಇನ್ಸುಲಿನ್ ಬೇಕಿಲ್ಲದ 97 ರೋಗಿಗಳಿಗೆ ಹೊನ್ನೆಯ ಸಾರವನ್ನು ದಿನಕ್ಕೆ 2 ಗ್ರಾಂನಿಂದ ಆರಂಭಿಸಿ, ಅಗತ್ಯವಿದ್ದಷ್ಟು ಹೆಚ್ಚಿಸುತ್ತ ಕೊಡಲಾಯಿತು. ಹನ್ನೆರಡು ವಾರಗಳಲ್ಲಿ 67 ಮಂದಿಯ ರಕ್ತದ ಸಕ್ಕರೆ ಹತೋಟಿಗೆ ಬಂದಿತು. ಆದರೆ ಹಲವು ವಾರಗಳ ಸರಾಸರಿಯನ್ನು ತೋರಿಸುವ ರಕ್ತಪರೀಕ್ಷೆಯ ಅಂಕ ಇಳಿದದ್ದು ಶೇಕಡ 9.8ರಿಂದ 9.4ಕ್ಕೆ ಮಾತ್ರ. ಅವಧಿ ಚಿಕ್ಕದೆಂಬುದು ನಿಜವಾದರೂ ಆ ಅಂಕ ಇನ್ನೂ ಕಾಯಿಲೆಯ ಮಟ್ಟದಲ್ಲೇ ಇದೆ. ಹೋಲಿಕೆಗೆ ಇನ್ನೊಂದು ಗುಂಪೂ ಇರಲಿಲ್ಲ. ಪಥ್ಯದಿಂದ ಆದದ್ದೆಷ್ಟು, ಸಾರದಿಂದ ಆದದ್ದೆಷ್ಟು ಎಂದು ಬಿಡಿಸಿ ಹೇಳುವುದು ಹೇಗೆ? ಈ ಕೊರತೆಯನ್ನು ನೀಗಲೆಂದೇ ಮುಂದೆ ಟಾಲ್‌ಬ್ಯುಟಮೈಡ್ ಎಂಬ ಮಾತ್ರೆಯೊಡನೆ ಹೋಲಿಸಿದ ಪರೀಕ್ಷೆ ನಡೆದು 2005ರಲ್ಲಿ ಪ್ರಕಟವಾಯಿತು. ಅದರಲ್ಲಿ ಯಾರಿಗೆ ಯಾವ ಔಷಧ ಸಿಕ್ಕಿದೆಯೆಂಬುದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಏರ್ಪಾಡು ಮಾಡಲಾಗಿತ್ತು.

ಇಲ್ಲಿ ಗಮನಿಸಬೇಕಾದದ್ದು, ಪರೀಕ್ಷೆಗೊಳಗಾದದ್ದು ಅಳೆದು ಕೊಟ್ಟ ಸಾರವೇ ಹೊರತು ಲೋಟದ ನೀರಲ್ಲ. ಲೋಟದ ನೀರನ್ನು ಬಿಸಿಲಿಗೆ ಹಿಡಿದಾಗ ಕಾಣುವ ನೀಲಿ ಹೊಳಪು ನೋಡಲು ಚೆಂದ. ಅದು ಮರದ ಅಂಶ ನೀರಿಗಿಳಿದಿದೆಯೆಂದು ತೋರಿಸುತ್ತದೆಯೇ ವಿನಾ ಎಷ್ಟು ಇಳಿದಿದೆಯೆಂದು ಹೇಳುವುದಿಲ್ಲ. ಹೊಸ ಲೋಟದ ಮೊದಲ ದಿನದ ನೀರೂ ತಿಂಗಳ ನಂತರದ ನೀರೂ ಒಂದೇ ಅಲ್ಲ. ಇಂತಹ ನೀರನ್ನು ನಂಬಿ ಇನ್ಸುಲಿನ್ ನಿಲ್ಲಿಸುವುದು ಪ್ರಾಣಕ್ಕೇ ಎರವಾಗಬಹುದು. ಅದರಲ್ಲೂ ಎಳೆಯ ವಯಸ್ಸಿನಲ್ಲೇ ಇನ್ಸುಲಿನ್ ಅವಲಂಬಿಸಿದ ಮಕ್ಕಳ ವಿಷಯದಲ್ಲಿ ಕೆಲವು ದಿನಗಳ ತಪ್ಪೂ ಮಾರಕ. ಮಾತ್ರೆ ನುಂಗುವವರು ಜೊತೆಗೆ ಸಾರವನ್ನೂ ಸೇವಿಸುವುದಾದರೆ ವೈದ್ಯರಿಗೆ ತಿಳಿಸಲೇಬೇಕು. ಎರಡೂ ಸೇರಿ ಸಕ್ಕರೆ ಮಿತಿಮೀರಿ ಇಳಿಯುವ ಸಂಭವವುಂಟು.

ಇನ್ನು ಮರದ ಮಾತು. ನೆಲ್ಲಿಯಂತೆ ಕಾಯಿ ಕೊಯ್ದು, ಮಧುನಾಶಿನಿಯಂತೆ ಎಲೆ ಬಿಡಿಸಿ ಪಡೆಯುವ ಔಷಧ ಇದಲ್ಲ. ಬೇಕಾಗಿರುವುದು ತಿರುಳು, ತಿರುಳು ಬೇಕಾದರೆ ಮರ ಉರುಳಬೇಕು. ಆ ತಿರುಳು ಬಲಿಯಲು ದಶಕಗಳೇ ಹಿಡಿಯುತ್ತವೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಹೊನ್ನೆ ಈಗಾಗಲೇ ಅಪಾಯದಂಚಿಗೆ ಸಮೀಪಿಸಿದ ಮರ. ಹೊನ್ನೆಯ ಸಾರ ಮುಂದೆಂದಾದರೂ ಮಾತ್ರೆಯ ರೂಪದಲ್ಲಿ ಊರೂರಿಗೂ ಬರುವುದಾದರೆ, ಅದಕ್ಕೆ ಬೇಕಾದ ಮರಗಳನ್ನು ಇಂದೇ ಸೊಪ್ಪಿನ ಬೆಟ್ಟಗಳಲ್ಲಿ ನೆಟ್ಟು, ಕಾಯ್ದು ಬೆಳೆಸಿರಬೇಕಾಗುತ್ತದೆ.