ರಿಸೆಪ್ಷನ್ ಸ್ಲೈಡ್‌ಶೋಗೆ ಫೋಟೋ ಕೊಲಾಜ್: ಪದರ ಜೋಡಿಸೋದು ಹೇಗೆ, ಎಲ್ಲಿ ನಿಲ್ಲಿಸೋದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಇವತ್ತಿನ ವಿಷಯ ನೀವೇ ಕೇಳಿದ್ದು. ಮದುವೆ ಸೀಸನ್ ಬಂತು ಅಂದ್ರೆ ನನಗೆ ಒಂದೇ ಥರದ ಮೆಸೇಜ್‌ಗಳು ಬರ್ತವೆ. "ಅಕ್ಕಾ, ರಿಸೆಪ್ಷನ್‌ಗೆ ಸ್ಲೈಡ್‌ಶೋ ಮಾಡ್ಬೇಕು, ಯಾವ ಆ್ಯಪ್ ಒಳ್ಳೇದು?" ಮನೇಲಿ ಫೋನ್ ಚೆನ್ನಾಗಿ ಬಳಸೋರು ಒಬ್ಬರಿದ್ರೆ ಸಾಕು, ಈ ಕೆಲಸ ಅವರ ತಲೆಗೇ ಬರುತ್ತೆ. ಮದುವೆ, ಷಷ್ಟಿಪೂರ್ತಿ, ನಿವೃತ್ತಿ, ಕಾಲೇಜ್ ಫೇರ್‌ವೆಲ್, ಎಲ್ಲದಕ್ಕೂ ಈಗ ಒಂದು ಸ್ಲೈಡ್‌ಶೋ ಇರಲೇಬೇಕು.

ಆ್ಯಪ್ ವಿಷಯ ಆಮೇಲೆ ಹೇಳ್ತೀನಿ. ಅದು ಎರಡು ನಿಮಿಷದ ಮಾತು. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ. ಬೇರೆ ಬೇರೆ ಫೋಟೋಗಳನ್ನ ಒಂದರ ಮೇಲೊಂದು ಕೂರಿಸುವಾಗ ಯಾರು ಮುಂದೆ, ಯಾರು ಹಿಂದೆ ಅನ್ನೋದನ್ನ ನಾವೇ ತೀರ್ಮಾನ ಮಾಡ್ತಿರ್ತೀವಿ. ಕೆಲವು ಸಲ ಇಲ್ಲದೇ ಇರೋರನ್ನೂ ತಂದು ನಿಲ್ಲಿಸಿಬಿಡ್ತೀವಿ. ಅಲ್ಲಿ ಎಷ್ಟರವರೆಗೆ ಹೋಗಬಹುದು? ಇವತ್ತು ಆ ಮಾತೂ ಆಡೋಣ.

ಮೊದಲು, ಕೊಲಾಜ್ ಯಾಕೆ ಬೇಕು? ಫೋಟೋನ ಹಾಗೇ ಒಂದಾದ ಮೇಲೊಂದು ಹಾಕಿದ್ರೆ ಆಗಲ್ವಾ? ಆಗುತ್ತೆ. ಆದ್ರೆ ಒಂದು ತೊಂದರೆ ಇದೆ. ಟಿವಿ, ಪ್ರೊಜೆಕ್ಟರ್, ಎಲ್‌ಇಡಿ ಪರದೆ ಸಾಮಾನ್ಯವಾಗಿ 16:9, ಅಂದ್ರೆ ಅಡ್ಡಗಲ. ನಾವು ಫೋನ್‌ನಲ್ಲಿ ತೆಗೆಯೋ ಫೋಟೋ ಹೆಚ್ಚಾಗಿ ಉದ್ದುದ್ದ. ಅದನ್ನ ಹಾಗೇ ಹಾಕಿದ್ರೆ ಎರಡೂ ಬದಿ ಕಪ್ಪು ಪಟ್ಟಿ. ಪರದೆ ತುಂಬೋ ಹಾಗೆ ಹಿಗ್ಗಿಸಿದ್ರೆ ಅಜ್ಜಿಯ ತಲೆ ಕಟ್ಟಾಗುತ್ತೆ. ಆ ಖಾಲಿ ಜಾಗವನ್ನ ಅರ್ಥ ಬರೋ ಹಾಗೆ ತುಂಬಿಸೋ ದಾರಿಯೇ ಪದರದ ಕೊಲಾಜ್.

ಪದರ ಅಂದ್ರೆ ಲೇಯರ್. ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟಿದ್ದೀರಿ ಅಂತ ಅಂದ್ಕೊಳ್ಳಿ. ಪ್ರತಿ ಹಾಳೆ ಮೇಲೂ ಒಂದೊಂದು ಚಿತ್ರ. ಒಂದನ್ನ ಸರಿಸಿದ್ರೆ ಇನ್ನೊಂದು ಅಲುಗಾಡಲ್ಲ. ಅಡೋಬಿ ಫೋಟೋಶಾಪ್‌ಗೆ ಈ ಸೌಲಭ್ಯ ಬಂದಿದ್ದು 1994ರಲ್ಲಿ, ಮೂರನೇ ಆವೃತ್ತಿಯಲ್ಲಿ. ಇವತ್ತು ನಿಮ್ಮ ಫೋನ್‌ನಲ್ಲಿರೋ ಪಿಕ್ಸಾರ್ಟ್, ಕೈನ್‌ಮಾಸ್ಟರ್, ಕ್ಯಾನ್ವಾ ಎಲ್ಲ ನಡೆಯೋದು ಇದೇ ಲೆಕ್ಕದಲ್ಲಿ.

ಈಗ ಕೆಲಸಕ್ಕೆ ಬರೋಣ.

ಒಂದನೇದು, ಪರದೆ ವಿಚಾರಿಸಿ. ಛತ್ರದ ಎಲ್‌ಇಡಿ ಹಾಕೋರಿಗೆ ಫೋನ್ ಮಾಡಿ ಅಳತೆ ಕೇಳಿ. 16:9 ಅಂದ್ರೆ 1920 ಅಗಲ, 1080 ಎತ್ತರದ ಪಿಕ್ಸೆಲ್ ಕ್ಯಾನ್ವಾಸ್ ತಗೊಳ್ಳಿ. ಹಳೇ ಪ್ರೊಜೆಕ್ಟರ್ ಆದ್ರೆ 4:3 ಇರಬಹುದು. ವೇದಿಕೆಯ ಅಕ್ಕಪಕ್ಕ ನಿಲ್ಲಿಸೋ ಪರದೆಗಳ ಆಕಾರ ಇನ್ನೂ ಬೇರೆ ಇರಬಹುದು. ಈ ಒಂದು ಫೋನ್ ಕಾಲ್ ಮಾಡದೇ ಶುರು ಮಾಡಿದ್ರೆ ಕೊನೇ ದಿನ ನಲವತ್ತು ಸ್ಲೈಡ್ ಮತ್ತೆ ಕೂರಿಸ್ಬೇಕಾಗುತ್ತೆ. ಅಂಚಿನಲ್ಲಿ ಎಲ್ಲಾ ಕಡೆ ಶೇಕಡಾ 5ರಷ್ಟು ಜಾಗ ಬಿಡಿ. ಕೆಲವು ಟಿವಿಗಳು ಅಂಚನ್ನ ನುಂಗಿಬಿಡ್ತವೆ. ಮುಖ, ಹೆಸರು ಯಾವುದೂ ಅಲ್ಲಿ ಇರಬಾರದು.

ಎರಡನೇದು, ಫೋಟೋ ಸೇರಿಸೋದು. "ಫ್ಯಾಮಿಲಿ ಗ್ರೂಪಿಗೆ ಎಲ್ಲರೂ ಫೋಟೋ ಹಾಕಿ" ಅಂದ್ರೆ ವಾಟ್ಸಾಪ್ ಅದನ್ನ ಕುಗ್ಗಿಸಿ ಕಳಿಸುತ್ತೆ. ಫೋನ್‌ನಲ್ಲಿ ಚೆನ್ನಾಗೇ ಕಾಣುತ್ತೆ, ಹತ್ತಡಿ ಪರದೆ ಮೇಲೆ ಮಂಕಾಗುತ್ತೆ. "ಡಾಕ್ಯುಮೆಂಟ್ ಮಾಡಿ ಕಳಿಸಿ" ಅಂತ ಕೇಳಿ, ಆಗ ಮೂಲ ಅಳತೆಯಲ್ಲೇ ಬರುತ್ತೆ. ಹಳೇ ಆಲ್ಬಮ್ ಇದ್ರೆ ಕಿಟಕಿ ಪಕ್ಕ ಇಟ್ಟು, ನೇರ ಬಿಸಿಲು ಬೀಳದ ಹಾಗೆ, ಫ್ಲ್ಯಾಶ್ ಆರಿಸಿ, ಫೋನನ್ನ ಆಲ್ಬಮ್‌ಗೆ ಸಮಾನಾಂತರವಾಗಿ ಹಿಡಿದು ತೆಗೀರಿ. ಹೊಳಪು ಬಿದ್ರೆ ಗೂಗಲ್‌ನ ಫೋಟೋಸ್ಕ್ಯಾನ್ ಆ್ಯಪ್ ಇದೆ, 2016ರಲ್ಲಿ ಬಂದಿದ್ದು. ಒಂದೇ ಫೋಟೋನ ಹಲವು ಕೋನದಿಂದ ತೆಗೆಸಿ, ಹೊಳಪು ಇಲ್ಲದ ಭಾಗಗಳನ್ನ ಸೇರಿಸಿ ಕೊಡುತ್ತೆ. ಅಂಟಿನ ಹಾಳೆಯ ಆಲ್ಬಮ್ ಆದ್ರೆ ಫೋಟೋನ ಎಳೆದು ಕೀಳೋಕೆ ಹೋಗ್ಬೇಡಿ. ಹರಿದ್ರೆ ಅದಕ್ಕೆ ಇನ್ನೊಂದು ಪ್ರತಿ ಇರಲ್ಲ. ಇದ್ದಲ್ಲೇ ತೆಗೀರಿ.

ಮೂರನೇದು, ಜೋಡಣೆ. ನಾನು ಪ್ರತಿ ಸ್ಲೈಡಿಗೆ ಮೂರೇ ಪದರ ಇಟ್ಕೊಳ್ತೀನಿ. ಕೆಳಗಡೆ ಒಂದು ಜಾಗ: ಮನೆ, ಶಾಲೆ, ತೋಟ, ಊರಿನ ಬೀದಿ. ಅದನ್ನ ಸ್ವಲ್ಪ ಮಬ್ಬು ಮಾಡಿ, ಬಣ್ಣ ಇಳಿಸಿಬಿಡ್ತೀನಿ. ಅದರ ಮೇಲೆ ಆ ಕಾಲದ ಒಂದು ಗುಂಪು ಫೋಟೋ, ಬಿಳಿ ಅಂಚಿನ ಜೊತೆ. ಎಲ್ಲಕ್ಕಿಂತ ಮೇಲೆ ಒಬ್ಬ ವ್ಯಕ್ತಿ. ಒಂದು ಸ್ಲೈಡಿಗೆ ಒಂದೇ ಮುಖ್ಯ ಮುಖ. ಹನ್ನೆರಡು ಫೋಟೋ ತುರುಕಿದ್ರೆ ಕಣ್ಣು ಎಲ್ಲಿ ನಿಲ್ಲಬೇಕು ಅಂತಾನೇ ಗೊತ್ತಾಗಲ್ಲ. ನೆರಳು ಹಾಕೋದಾದ್ರೆ ಎಲ್ಲಾ ಪದರಕ್ಕೂ ಒಂದೇ ದಿಕ್ಕಿಗೆ ಬೀಳಲಿ.

ಮೇಲಿನ ವ್ಯಕ್ತಿಯನ್ನ ಹಿನ್ನೆಲೆಯಿಂದ ಬಿಡಿಸಬೇಕಾದ್ರೆ, ಐಫೋನ್‌ನಲ್ಲಿ 2022ರ ಐಒಎಸ್ 16ರಿಂದ ಫೋಟೋ ಮೇಲೆ ಒತ್ತಿ ಹಿಡಿದ್ರೆ ಸಾಕು. ಆಂಡ್ರಾಯ್ಡ್‌ನಲ್ಲಿ ಪಿಕ್ಸಾರ್ಟ್ ಥರದ ಆ್ಯಪ್‌ಗಳಿವೆ. ಲ್ಯಾಪ್‌ಟಾಪ್ ಇದ್ರೆ ಬ್ರೌಸರ್‌ನಲ್ಲೇ ನಡೆಯೋ ಫೋಟೋಪಿಯಾ ಉಚಿತ, ಸ್ಟುಡಿಯೋದವರು ಕೊಡೋ ಪಿಎಸ್‌ಡಿ ಫೈಲೂ ಅದರಲ್ಲಿ ತೆರೆಯುತ್ತೆ. ಬಿಡಿಸಿದ ಚಿತ್ರವನ್ನ ಪಿಎನ್‌ಜಿ ಆಗಿ ಸೇವ್ ಮಾಡಿ. ಜೆಪೆಗ್‌ಗೆ ಪಾರದರ್ಶಕತೆ ಗೊತ್ತಿಲ್ಲ, ಖಾಲಿ ಜಾಗಕ್ಕೆ ಬಣ್ಣ ತುಂಬಿಬಿಡುತ್ತೆ.

ಚಲನೆ ಬೇಕಾ? ಕೈನ್‌ಮಾಸ್ಟರ್‌ನಲ್ಲಿ ಕೆಳಗಿನ ಪದರವನ್ನ ನಿಧಾನಕ್ಕೆ, ಮೇಲಿನದನ್ನ ಸ್ವಲ್ಪ ಬೇಗ ಸರಿಸಿ. ರೈಲಿನ ಕಿಟಕಿಯಲ್ಲಿ ಹತ್ತಿರದ ಕಂಬ ಬೇಗ ಓಡುತ್ತೆ, ದೂರದ ಬೆಟ್ಟ ನಿಧಾನಕ್ಕೆ ಬರುತ್ತೆ ಅಲ್ವಾ, ಅದೇ ಲೆಕ್ಕ. ಫೋಟೋಗೆ ಆಳ ಬಂದ ಹಾಗೆ ಕಾಣುತ್ತೆ. ಉಚಿತ ಆವೃತ್ತಿಯಲ್ಲಿ ವಾಟರ್‌ಮಾರ್ಕ್ ಬರುತ್ತೆ, ಅದು ನೆನಪಿರಲಿ.

ನಾನು ಬಿ.ಕಾಂ ಓದಿದೋಳು, ಹಾಗಾಗಿ ಸಮಯಕ್ಕೂ ಒಂದು ಬಜೆಟ್ ಹಾಕ್ತೀನಿ. ಒಂದು ಸ್ಲೈಡಿಗೆ 6 ಸೆಕೆಂಡ್. 40 ಸ್ಲೈಡ್ ಅಂದ್ರೆ 240 ಸೆಕೆಂಡ್, ನಾಲ್ಕು ನಿಮಿಷ. ಹೆಚ್ಚುಕಮ್ಮಿ ಒಂದು ಹಾಡು. ಅದಕ್ಕಿಂತ ಉದ್ದ ಆದ್ರೆ ಜನ ಊಟದ ಹಾಲ್ ಕಡೆ ನೋಡ್ತಾರೆ. ಅಂದ್ರೆ ಮುನ್ನೂರು ಫೋಟೋ ಬಂದ್ರೂ ನಿಮ್ಮ ಹತ್ತಿರ ಇರೋದು 40 ಜಾಗ ಅಷ್ಟೇ. ಯಾರಿಗೆ ಎಷ್ಟು ಅಂತ ಒಂದು ಪಟ್ಟಿ ಮಾಡಿ. ನಾನು ಎಕ್ಸೆಲ್‌ನಲ್ಲಿ ಮಾಡ್ತೀನಿ, ನೀವು ಹಾಳೆ ಮೇಲೆ ಬರೀರಿ. ಒಂದು ಕಡೆ ಹೆಸರು, ಇನ್ನೊಂದು ಕಡೆ ಎಷ್ಟು ಸ್ಲೈಡ್.

ಈ ಪಟ್ಟಿ ಮಾಡಿದಾಗ ಒಂದು ವಿಷಯ ಗೊತ್ತಾಗುತ್ತೆ. ಪ್ರತಿ ಮನೇಲೂ ಫೋಟೋದ ಅಂಚಲ್ಲೇ ಉಳಿದೋರು ಒಬ್ಬರು ಇರ್ತಾರೆ. ಬಡಿಸ್ತಾ ಇದ್ದ ಅತ್ತೆ. ಯಾರದ್ದೋ ಮಗು ಎತ್ಕೊಂಡು ಹಿಂದೆ ನಿಂತ ದೊಡ್ಡಮ್ಮ. ಎಲ್ಲರ ಫೋಟೋ ತೆಗೆದು ಯಾವುದರಲ್ಲೂ ಇಲ್ಲದ ಮಾವ. ಕ್ರಾಪ್ ಮಾಡುವಾಗ ಮೊದಲು ಹೋಗೋದು ಇವರೇ. ಪದರದ ಕೊಲಾಜ್‌ನಲ್ಲಿ ಇವರನ್ನ ಮುಂದಕ್ಕೆ ತರಬಹುದು. ಗುಂಪು ಫೋಟೋನ ಕೆಳಗಿಟ್ಟು, ಅದರಲ್ಲೇ ಮೂಲೇಲಿರೋ ದೊಡ್ಡಮ್ಮನ ಮುಖವನ್ನ ದೊಡ್ಡದು ಮಾಡಿ ಮೇಲಿಡಿ. ಸುಳ್ಳೇನೂ ಸೇರಿಸಿಲ್ಲ, ಇದ್ದಿದ್ದನ್ನೇ ಹತ್ತಿರದಿಂದ ತೋರಿಸಿದ್ದೀರಿ.

ಈಗ ಕಷ್ಟದ ಪ್ರಶ್ನೆ. ಇಲ್ಲದೇ ಇರೋರನ್ನ ಸೇರಿಸಬಹುದಾ?

ಕೊಲಾಜ್ ಅನ್ನೋ ಪದ ಫ್ರೆಂಚ್‌ನದು, ಅಂಟಿಸೋದು ಅಂತ ಅರ್ಥ. ಅಂಟಿಸೋದರಲ್ಲಿ ಮೊದಲಿಂದಲೂ ಎರಡು ದಾರಿ ಇವೆ. 1858ರಲ್ಲಿ ಇಂಗ್ಲೆಂಡಿನ ಹೆನ್ರಿ ಪೀಚ್ ರಾಬಿನ್ಸನ್ ಸಾಯ್ತಿರೋ ಹುಡುಗಿ, ಸುತ್ತ ಮನೆಯವರು ಇರೋ ಒಂದು ಫೋಟೋ ಮಾಡಿದ. ಐದು ನೆಗೆಟಿವ್ ಸೇರಿಸಿ ಒಂದೇ ಚಿತ್ರ, ಜೋಡಣೆ ಗೊತ್ತೇ ಆಗಲ್ಲ. ಫೋಟೋ ಅಂದ್ರೆ ನಿಜ ಅಂತ ನಂಬಿದ್ದ ಜನ ಅದರ ಬಗ್ಗೆ ಜಗಳ ಆಡಿದ್ರು. ಇನ್ನೊಂದು ದಾರಿ ಬರ್ಲಿನ್‌ನ ಹಾನಾ ಹೋಹ್ ಅನ್ನೋ ಕಲಾವಿದೆಯದು. ಮೊದಲ ಮಹಾಯುದ್ಧ ಮುಗಿದ ಹೊತ್ತಲ್ಲಿ ಪತ್ರಿಕೆಗಳ ಚಿತ್ರ ಕತ್ತರಿಸಿ ಅಂಟಿಸಿದ್ಳು. ಕತ್ತರಿ ಗುರುತು ಎದ್ದು ಕಾಣುತ್ತೆ, ಯಾರಿಗೂ ಮೋಸ ಇಲ್ಲ. ನಾವು ಮಾಡೋ ಪ್ರತಿ ಸ್ಲೈಡೂ ಈ ಎರಡರಲ್ಲಿ ಒಂದು ದಾರಿ ಹಿಡಿದಿರುತ್ತೆ.

ನನ್ನ ಚಿಕ್ಕಪ್ಪ 2021ರಲ್ಲಿ ಕೋವಿಡ್‌ನಲ್ಲಿ ತೀರ್ಕೊಂಡ್ರು. ಅವರ ಮಗಳ ಮದುವೆ ಗೊತ್ತಾದಾಗ ರಿಸೆಪ್ಷನ್ ಸ್ಲೈಡ್‌ಶೋ ನನ್ನ ಪಾಲಿಗೆ ಬಂತು. ಚಿಕ್ಕಮ್ಮ ಒಂದಿನ ಫೋನ್ ಮಾಡಿ, "ನಿಶ್ಚಿತಾರ್ಥದ ಫೋಟೋದಲ್ಲಿ ನಿಮ್ ಚಿಕ್ಕಪ್ಪನ್ನೂ ನಿಲ್ಲಿಸೋಕಾಗುತ್ತಂತಲ್ಲ, ಸ್ಟುಡಿಯೋದವ್ರು ಎಐನಲ್ಲಿ ಮಾಡ್ಕೊಡ್ತೀವಿ ಅಂದ್ರು, ನೀನೇ ಮಾಡಿಬಿಡು" ಅಂದ್ರು. ಇಲ್ಲ ಅನ್ನೋಕೆ ನಾನ್ಯಾರು? ಎರಡು ಥರ ಮಾಡ್ತೀನಿ, ನೀವೇ ಆರಿಸಿ ಚಿಕ್ಕಮ್ಮ ಅಂದೆ.

ಮೊದಲನೇದು ಅವರು ಕೇಳಿದ್ದೇ. ಪಾಸ್‌ಪೋರ್ಟ್ ಸೈಜ್ ಫೋಟೋದ ಮುಖ, ಆ್ಯಪ್ ಹಾಕಿದ ಕೋಟು, ಮಗಳ ಹಿಂದೆ ನಿಂತ ಹಾಗೆ. ಎರಡನೇದರಲ್ಲಿ ನಿಶ್ಚಿತಾರ್ಥದ ಫೋಟೋನ ಮಬ್ಬಾಗಿ ಕೆಳಗಿಟ್ಟೆ. ಅದರ ಮೇಲೆ 1999ರ ಒಂದು ಪ್ರಿಂಟ್: ಚಿಕ್ಕಪ್ಪ ಮೊಪೆಡ್ ಮೇಲೆ ಕೂತು ಒಂದು ವರ್ಷದ ಮಗಳನ್ನ ಮುಂದೆ ನಿಲ್ಲಿಸ್ಕೊಂಡಿರೋದು. ಹಿನ್ನೆಲೆ ಬಿಡಿಸಲಿಲ್ಲ, ಬಣ್ಣ ತಿದ್ದಲಿಲ್ಲ, ಮಾಸಿದ ಬಿಳಿ ಅಂಚೂ ಹಾಗೇ ಇತ್ತು. ಪಕ್ಕದಲ್ಲಿ ಇವತ್ತಿನ ಮಗಳು. ಎರಡು ಕಾಲ, ಎರಡು ಫೋಟೋ ಅಂತ ನೋಡಿದ ತಕ್ಷಣ ಗೊತ್ತಾಗ್ಬೇಕು.

ಚಿಕ್ಕಮ್ಮ ಮೊದಲನೇದನ್ನ ತುಂಬ ಹೊತ್ತು ನೋಡಿದ್ರು. "ಚೆನ್ನಾಗಿದೆ. ಆದ್ರೆ ಅವ್ರು ಜೀವನದಲ್ಲಿ ಕೋಟು ಹಾಕಿದೋರೇ ಅಲ್ಲ ಕಣೇ" ಅಂದ್ರು. ಎರಡನೇದು ನೋಡಿ ಫೋನ್ ಕೈಗೆ ತಗೊಂಡು ಜೂಮ್ ಮಾಡಿದ್ರು. "ಈ ಶರ್ಟು ದೀಪಾವಳಿಗೆ ತಗೊಂಡಿದ್ದು. ಜೇಬಲ್ಲಿ ನೋಡು, ಪೆನ್ನು ಸೋರಿ ಇಂಕಾಗಿದೆ. ಎಷ್ಟು ಬೈದಿದ್ದೆ ಅವತ್ತು." ಆ ಇಂಕಿನ ಕಲೆ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ರಿಸೆಪ್ಷನ್‌ಗೆ ಹೋಗಿದ್ದು ಅದೇ ಸ್ಲೈಡ್.

ಮೊದಲನೇದನ್ನೂ ನನಗೆ ಕಳಿಸು ಅಂದ್ರು, ಕಳಿಸಿದೆ. ಅದು ಅವರ ಫೋನ್‌ನಲ್ಲಿರೋದು ಅವರಿಗೆ ಬಿಟ್ಟ ವಿಷಯ, ಅದನ್ನ ತಪ್ಪು ಅನ್ನಲ್ಲ ನಾನು. ನೂರಾರು ಜನರ ಮುಂದೆ, ಹತ್ತಡಿ ಗೋಡೆ ಮೇಲೆ, ನಡೆದಿದ್ದು ಇದೇ ಅನ್ನೋ ಹಾಗೆ ತೋರಿಸೋದು ಬೇರೆ. ಇನ್ನು ಇಪ್ಪತ್ತು ವರ್ಷ ಆದ್ಮೇಲೆ ಈ ಮದುವೆ ವಿಡಿಯೋ ನೋಡೋ ಮಗುವಿಗೆ ತಾತ ನಿಶ್ಚಿತಾರ್ಥಕ್ಕೆ ಬಂದಿದ್ರಾ ಇಲ್ವಾ ಅನ್ನೋದು ಗೊತ್ತಾಗಬೇಕಲ್ವಾ?

ಹಾಗಾಗಿ ನಾನು ಪಾಲಿಸೋದು ಇಷ್ಟು. ಇಲ್ಲದೋರನ್ನ ಖಂಡಿತ ಸೇರಿಸಿ, ಆದ್ರೆ ಅಂಟಿಸಿದ್ದು ಕಾಣೋ ಹಾಗೆ ಸೇರಿಸಿ. ಬಿಳಿ ಅಂಚು ಇರಲಿ. ಹಳೇ ಬಣ್ಣ ಹಾಗೇ ಇರಲಿ. ಮೂಲೇಲಿ ಇಸವಿ ಹಾಕಿ. ಹಿನ್ನೆಲೆ ಅಳಿಸೋ ಮುಂಚೆ ಅದರಲ್ಲಿ ಏನಿದೆ ಅಂತ ಮನೆಯ ಹಿರಿಯರಿಗೆ ಒಂದ್ಸಲ ತೋರಿಸಿ. ನಮಗೆ ಕಸ ಅನ್ಸೋ ಗೋಡೆ, ಕ್ಯಾಲೆಂಡರ್, ಸೈಕಲ್ಲು ಅವರಿಗೆ ಏನಾಗಿರುತ್ತೋ. ಶುಭಕಾರ್ಯದಲ್ಲಿ ಹೋದವರ ಫೋಟೋ ಬೇಡ ಅನ್ನೋ ಮನೆಗಳೂ ಇವೆ. ಅದನ್ನ ಮುಂಚೆಯೇ ಕೇಳಿ ತಿಳ್ಕೊಳ್ಳಿ, ಪರದೆ ಮೇಲೆ ಅಚ್ಚರಿ ಕೊಡೋ ವಿಷಯ ಅಲ್ಲ ಅದು.

ಕೊನೇದಾಗಿ ಕನ್ನಡ ಅಕ್ಷರ. ಎಷ್ಟೋ ಸ್ಲೈಡ್‌ಶೋಗಳಲ್ಲಿ ಒತ್ತಕ್ಷರ ಒಡೆದು ವಧುವಿನ ಹೆಸರೇ ತಪ್ಪಾಗಿರುತ್ತೆ. ನುಡಿಯ ಹಳೇ ಆಸ್ಕಿ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನ ಫೋನ್‌ಗೆ ತಂದ್ರೆ ಅರ್ಥವಿಲ್ಲದ ಚಿಹ್ನೆಗಳು ಕಾಣ್ತವೆ, ಯುನಿಕೋಡ್‌ನಲ್ಲೇ ಬರೀರಿ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ, ಮೂರೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಎಲ್ಲಾ ಮುಗಿದ ಮೇಲೆ ಎಂಪಿ4 ವಿಡಿಯೋ ಮಾಡಿಯೇ ಕೊಡಿ. ಪಿಪಿಟಿ ಕೊಟ್ರೆ ಛತ್ರದ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಫಾಂಟ್ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಎರಡು ಪೆನ್‌ಡ್ರೈವ್‌ನಲ್ಲಿ ಹಾಕಿ, ಜನ ಬರೋ ಮುಂಚೆ ಅದೇ ಪರದೆ ಮೇಲೆ ಒಂದ್ಸಲ ಪೂರ್ತಿ ಓಡಿಸಿ ನೋಡಿ.

ಇವತ್ತಿಗೆ ಇಷ್ಟು. ನೀವು ಮಾಡಿದ ಒಂದು ಸ್ಲೈಡ್ ಬಗ್ಗೆ, ಅದರಲ್ಲಿ ಯಾರನ್ನ ಮುಂದೆ ತಂದ್ರಿ ಅನ್ನೋದರ ಬಗ್ಗೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಮನೇಲಿ ಹಳೇ ಆಲ್ಬಮ್ ಇದ್ರೆ ಈ ಭಾನುವಾರವೇ ತೆಗೀರಿ. ಫೋಟೋದಲ್ಲಿರೋದು ಯಾರು ಅಂತ ಹೇಳೋಕೆ ಗೊತ್ತಿರೋರನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ತೆಗೀರಿ. ಮುಂದಿನ ವಾರ ಸಿಗೋಣ, ನಮಸ್ಕಾರ.