ನಕ್ಷೆಯ ಬಣ್ಣ, ಹೊಲದ ಬೆಲೆ

(ಜಗಳೂರಿನಲ್ಲಿ ರೈತರ ಮುಂದೆ ಆಡಿದ ಮಾತುಗಳು)



ಮೆಕ್ಕೆಜೋಳಕ್ಕೆ ಕ್ವಿಂಟಾಲಿಗೆ ಐವತ್ತು ರೂಪಾಯಿ ಇಳಿದರೆ ನಾವು ದಾವಣಗೆರೆ ಮಾರುಕಟ್ಟೆ ಬಾಗಿಲಲ್ಲಿ ಕೂತು ಕೂಗುತ್ತೇವೆ. ಕೂಗಬೇಕು. ಆದರೆ ಎಕರೆಗೆ ಹತ್ತು, ಇಪ್ಪತ್ತು ಲಕ್ಷದ ವ್ಯತ್ಯಾಸ ಒಂದು ಕಾಗದದ ಮೇಲೆ ಬಣ್ಣ ಬಳಿದು ಆಗಿಹೋಗುವಾಗ ನಮಗೆ ಸುದ್ದಿಯೇ ಇರುವುದಿಲ್ಲ. ಇವತ್ತು ಆ ಕಾಗದದ ವಿಚಾರ ಮಾತಾಡೋಣ. ಅದರ ಹೆಸರು ಮಹಾ ಯೋಜನೆ. ಕಚೇರಿಯವರು ಮಾಸ್ಟರ್ ಪ್ಲ್ಯಾನ್ ಅಂತಾರೆ.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಪಟ್ಟಣದ ಜೊತೆಗೆ ಸುತ್ತಲ ಹಳ್ಳಿಗಳನ್ನೂ ಸೇರಿಸಿ ಒಂದು ಯೋಜನಾ ಪ್ರದೇಶ ಗುರುತು ಮಾಡುತ್ತಾರೆ. ಆಮೇಲೆ ಅಲ್ಲಿನ ಪ್ರತಿ ಸರ್ವೆ ನಂಬರಿಗೂ ಒಂದು ಬಣ್ಣ. ಹಳದಿ ಮನೆಗಳಿಗೆ, ನೀಲಿ ವ್ಯಾಪಾರಕ್ಕೆ, ನೇರಳೆ ಕಾರ್ಖಾನೆಗೆ, ತಿಳಿ ಹಸಿರು ಸಾಗುವಳಿಗೆ. ಬದುವಿನ ಈ ಕಡೆ ಹಸಿರು, ಆ ಕಡೆ ಹಳದಿ. ಮಣ್ಣು ಒಂದೇ, ಮಳೆ ಒಂದೇ, ಬೆಲೆ ಮಾತ್ರ ಬೇರೆ.

ಲೆಕ್ಕ ಹಾಕಿ ನೋಡ್ರಿ. ಒಂದು ಎಕರೆ ಅಂದರೆ 43,560 ಚದರ ಅಡಿ. ರಸ್ತೆಗೆ, ಪಾರ್ಕಿಗೆ ಅಂತ ಸುಮಾರು ಅರ್ಧ ಬಿಟ್ಟರೂ 30-40ರ 18 ಸೈಟು ಬರುತ್ತವೆ. ನೀವು ಎಕರೆ ಲೆಕ್ಕದಲ್ಲಿ ಮಾರುತ್ತೀರಿ, ಕೊಂಡವನು ಅಡಿ ಲೆಕ್ಕದಲ್ಲಿ ಮಾರುತ್ತಾನೆ. ಬಣ್ಣ ಬದಲಾಗುವುದು ಅವನಿಗೆ ಮೊದಲು ಗೊತ್ತಾಗುತ್ತದೆ, ನಿಮಗೆ ಕೊನೆಗೆ. ಅದರ ನಡುವಿನ ಕಾಲದಲ್ಲಿ ಹೊಲ ಬಿಡುವವರು ಯಾರು? ಕೊಳವೆಬಾವಿ ಕೊರೆಸಿ ನೀರು ಸಿಗದೆ ಕೈಗಡ ಮಾಡಿದವರು, ಮಗಳ ಮದುವೆಗೆ ಬಡ್ಡಿಗೆ ತಂದವರು. ದಲ್ಲಾಳಿ ಬಂದು ಅಡ್ವಾನ್ಸು ಕೊಟ್ಟು ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಾನೆ. ಉಳಿದ ದುಡ್ಡು ಬರುವುದು ಅವನಿಗೆ ಗಿರಾಕಿ ಸಿಕ್ಕಮೇಲೆ. ಸಾಲ ಇದ್ದವನಿಗೆ ಕಾಯುವ ಶಕ್ತಿ ಇಲ್ಲ. ಈ ವ್ಯಾಪಾರವೆಲ್ಲಾ ನಿಂತಿರುವುದು ಅದರ ಮೇಲೆ.

ಹಿಂದೆ ಒಂದು ಬೇಲಿಯಾದರೂ ಇತ್ತು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 1974ರಿಂದ ಬೇಸಾಯಗಾರನಲ್ಲದವನು ಹೊಲ ಕೊಳ್ಳುವುದನ್ನು ತಡೆದಿದ್ದವು. ಆ ಬೇಲಿಯಲ್ಲಿ ತೂತು ಬೇಕಾದಷ್ಟು ಇದ್ದವು ಅನ್ನಿ. 2020ರಲ್ಲಿ ಬೇಲಿಯನ್ನೇ ಕಿತ್ತುಹಾಕಿದರು. ಈಗ ಕೊಳ್ಳುವವನಿಗೆ ನೇಗಿಲು ಹಿಡಿದು ಗೊತ್ತಿರಬೇಕಾಗಿಲ್ಲ. ನಮ್ಮದು ಬರದ ತಾಲ್ಲೂಕು, ಇಲ್ಲಿಗೆ ಯಾರು ಬರುತ್ತಾರೆ ಅನ್ನಬೇಡಿ. ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆ, ಭದ್ರಾ ಮೇಲ್ದಂಡೆಯ ಕಾಲುವೆ, ಹೆದ್ದಾರಿ, ಗಾಳಿಯಂತ್ರ ಇವೆಲ್ಲಾ ನಿಮಗೆ ಆಸೆ ಹುಟ್ಟಿಸುವಂತೆ ದಲ್ಲಾಳಿಗೂ ಹುಟ್ಟಿಸುತ್ತವೆ.

ಬೆಂಗಳೂರಿನವರು ಈ ಬಣ್ಣದ ವಿಚಾರಕ್ಕೆ ಎಷ್ಟು ಜಗಳ ಮಾಡಿದ್ದಾರೆ ಗೊತ್ತೆ? 2007ರ ಯೋಜನೆ ಮನೆಗಳ ಬೀದಿಯಲ್ಲಿ ಅಂಗಡಿಗೂ ಅವಕಾಶ ಕೊಟ್ಟಾಗ ಕೋರಮಂಗಲ, ಇಂದಿರಾನಗರದ ನಿವಾಸಿಗಳು ಎದ್ದು ನಿಂತರು. ನಮ್ಮ ನೆಮ್ಮದಿ ಹೋಯಿತು ಅಂತ ಇವರು, ನಮ್ಮ ಹೊಟ್ಟೆಪಾಡು ಅಂತ ವ್ಯಾಪಾರದವರು. 2017ರಲ್ಲಿ ಬಂದ ಮುಂದಿನ ಕರಡಿಗೆ 13 ಸಾವಿರಕ್ಕೂ ಹೆಚ್ಚು ಆಕ್ಷೇಪಣೆ ಬಿದ್ದವು. ಕೊನೆಗೆ ಆ ಕರಡನ್ನೇ ಕೈಬಿಟ್ಟರು. ಅವರ ಜಗಳ ಪಾರ್ಕಿಂಗಿಗೆ, ಚರಂಡಿಗೆ. ಅದನ್ನು ಹಗುರ ಮಾಡುತ್ತಿಲ್ಲ. ಆದರೆ ಬದುಕನ್ನೇ ಕಳೆದುಕೊಳ್ಳುವ ನಾವು ಒಂದು ಅರ್ಜಿಯನ್ನೂ ಬರೆಯುವುದಿಲ್ಲವಲ್ಲ!

ಬರೆದವರು, ಕೂತವರು ಇಲ್ಲವೆಂದಲ್ಲ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಹಿಡಿಯಲು ಸರ್ಕಾರ ಹೊರಟಾಗ ಅಲ್ಲಿನ ರೈತರು 2022ರ ಏಪ್ರಿಲ್ 4ರಿಂದ ಸುಮಾರು 1,200 ದಿನ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ಅಲ್ಲಿಯೂ ಎಲ್ಲರದೂ ಒಂದೇ ಮಾತಿರಲಿಲ್ಲ. ಒಳ್ಳೆ ಬೆಲೆ ಕೊಟ್ಟರೆ ಕೊಡುತ್ತೇವೆ ಎನ್ನುವ ರೈತರೂ ಮುಖ್ಯಮಂತ್ರಿಗಳನ್ನು ಕಂಡರು. ಒಪ್ಪಿ ಕೊಡುವವರಿಂದ ತೆಗೆದುಕೊಳ್ಳುತ್ತೇವೆ ಅಂತ ಸರ್ಕಾರವೂ ಬಾಗಿಲು ತೆರೆದಿಟ್ಟಿತು. ಕೊಡುತ್ತೇನೆ ಅನ್ನುವವನನ್ನು ನಾನು ದ್ರೋಹಿ ಅನ್ನುವುದಿಲ್ಲ. ರಾಗಿಗೆ, ರೇಷ್ಮೆಗೆ ಸರಿಯಾದ ಬೆಲೆ ಸಿಕ್ಕಿದ್ದರೆ ಅವನು ಹೊಲ ಮಾರುವ ಮಾತಾಡುತ್ತಿದ್ದನೆ? ಅವನ ಹೊಲಕ್ಕೆ ಹಸಿರು ಬಣ್ಣ ಬಳಿದು, ಬೆಳೆಗೆ ಬೆಲೆ ಕೊಡದೆ, ಸಾಗುವಳಿ ಮಾಡಿಕೊಂಡಿರು ಅನ್ನುವುದೂ ಒಂದು ಬಗೆಯ ಜೀತವೇ.

ಇನ್ನೊಂದು ಮಾತು, ಇದನ್ನು ಗಮನವಿಟ್ಟು ಕೇಳಿ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಪರಿಹಾರ ಲೆಕ್ಕ ಹಾಕುವುದು ನೋಂದಣಿ ಕಚೇರಿಯ ದರ ಮತ್ತು ಹಿಂದಿನ ಮೂರು ವರ್ಷದ ಕ್ರಯಪತ್ರಗಳ ಮೇಲೆ. ನಾವೇನು ಮಾಡುತ್ತೇವೆ? ಇಪ್ಪತ್ತು ಲಕ್ಷಕ್ಕೆ ಮಾರಿ ಪತ್ರದಲ್ಲಿ ಹತ್ತು ಬರೆಸುತ್ತೇವೆ, ಉಳಿದದ್ದು ಕೈಗೆ. ನಾಳೆ ಪಕ್ಕದ ಹೊಲ ಸ್ವಾಧೀನಕ್ಕೆ ಬಂದಾಗ ಆ ಹತ್ತೇ ಮಾತಾಡುತ್ತದೆ. ಹಳ್ಳಿಯ ಜಮೀನಿಗೆ ಆ ಬೆಲೆಯನ್ನು 1ರಿಂದ 2ರವರೆಗಿನ ಗುಣಕದಿಂದ ಗುಣಿಸಿ, ಬಂದಷ್ಟನ್ನೇ ಮತ್ತೆ ಸೊಲೇಷಿಯಂ ಅಂತ ಸೇರಿಸಬೇಕು. ಗುಣಕ 2 ಇದ್ದರೆ ಹತ್ತು ಲಕ್ಷ ನಲವತ್ತಾಗುತ್ತದೆ. ಅದೇ ಹೊಲ ಪಟ್ಟಣದ ಗಡಿಯೊಳಗೆ ಸೇರಿದ್ದರೆ ಗುಣಕ ಬರೀ 1, ಕೈಗೆ ಬರುವುದು ಇಪ್ಪತ್ತು. ನಮ್ಮೂರು ಪಟ್ಟಣಕ್ಕೆ ಸೇರಿತು ಅಂತ ಪಟಾಕಿ ಹೊಡೆಯುವ ಮುಂಚೆ ಈ ಲೆಕ್ಕ ಮಾಡಿಕೊಳ್ಳಿ.

ಆಕ್ಷೇಪಣೆಗೆ ಕಾಯ್ದೆಯಲ್ಲೇ ಜಾಗ ಇದೆ. ಕರಡು ಪ್ರಕಟವಾದಮೇಲೆ 60 ದಿನ. ಯೋಜನೆ ಜಾರಿಯಾದ ಮೇಲೂ ಯಾವನೋ ಒಬ್ಬ ತನ್ನ ನಂಬರಿನ ಬಣ್ಣ ಬದಲಿಸಬೇಕೆಂದರೆ 14-ಎ ಕಲಮಿನಂತೆ ಪತ್ರಿಕೆಯಲ್ಲಿ ಪ್ರಕಟಿಸಿ, ಕಡಿಮೆಯೆಂದರೂ 15 ದಿನ ಆಕ್ಷೇಪಣೆಗೆ ಕೊಡಬೇಕು. ಆ ಪ್ರಕಟಣೆ ಇದ್ದ ಪೇಪರಿನಲ್ಲೇ ನೀವು ಮಂಡಕ್ಕಿ ಕಟ್ಟಿಸಿಕೊಂಡು ಬಂದಿರುತ್ತೀರಿ! ಊರಿಗೆ ಒಬ್ಬ ಓದು ಬಲ್ಲ ಹುಡುಗನಿಗೆ ಈ ಕೆಲಸ ವಹಿಸಿ. ಪಕ್ಕದ ನಂಬರಿಗೆ ಕಾರ್ಖಾನೆಯ ಬಣ್ಣ ಬಂದರೆ ನಿಮ್ಮ ಬಾವಿಯ ನೀರು ಏನಾಗುತ್ತದೆ, ಕೆರೆಗೆ ಹೋಗುವ ಹಳ್ಳ ನಕ್ಷೆಯಲ್ಲಿ ಉಳಿದಿದೆಯೆ, ಹೊಲಕ್ಕೆ ಹೋಗುವ ಬಂಡಿದಾರಿ ಇದೆಯೆ ನೋಡಿ. ಸರ್ವೆ ನಂಬರು ಹಾಕಿ ಎರಡು ಪ್ರತಿ ಬರೆಯಿರಿ, ಒಂದರ ಮೇಲೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಂಡು ಮನೆಯಲ್ಲಿಡಿ.

ಪಹಣಿ 9ನೇ ಕಾಲಮ್ಮಿನಲ್ಲಿ ಹೆಸರಿದ್ದವನೇ ಬರೆಯಬೇಕು ಅಂತ ಕಾಯ್ದೆ ಹೇಳಿಲ್ಲ, ಸಾರ್ವಜನಿಕರು ಅಂದಿದೆ. ಕೋರಿಗೆ ಮಾಡುವವನು, ಕೂಲಿಯ ಹೆಣ್ಣುಮಕ್ಕಳು, ಗೋಮಾಳದಲ್ಲಿ ಕುರಿ ಮೇಯಿಸುವವನು, ಇವರೂ ಬರೆಯಬಹುದು. ಹೊಲ ಮಾರಿದಾಗ ಒಂದು ಕಾಸೂ ಸಿಗದವರು ಇವರೇ. ಸಹಿಯನ್ನು ಇವರಿಂದಲೇ ಶುರುಮಾಡಿಸಿ.