ಪೋಲೀಸಿನವನ ಕೆಲಸವೆಂದರೇನು?

(ಮಾಗಡಿ ತಾಲ್ಲೂಕು ಕೆಂಪಾಪುರದಲ್ಲಿ ಮಾಡಿದ ಭಾಷಣ)



ಕೆಂಪಾಪುರಕ್ಕೆ ಹೊರಗಿನಿಂದ ಬಂದವರು ಕೆಂಪೇಗೌಡರ ಸಮಾಧಿಯ ವಿಚಾರವಾಗಿ ಮಾತನಾಡಿ ಹೋಗುವುದು ವಾಡಿಕೆ. 2015ರಲ್ಲಿ ಅದು ಗುರುತಿಗೆ ಬಂದ ಮೇಲೆ ದೊಡ್ಡವರ ಕಾರುಗಳು ಬಂದುವು, ಕಾರಿನ ಹಿಂದೆ ಪೋಲೀಸು ಜೀಪುಗಳೂ ಬಂದುವು. ನಾವು ಇಂದು ಮಾತನಾಡುವುದು ಕಾರಿನಲ್ಲಿ ಬಂದವರನ್ನು ಕುರಿತಲ್ಲ. ಜೀಪಿನಿಂದ ಇಳಿದು ಬಿಸಿಲಿನಲ್ಲಿ ನಿಂತು ಹೋದವನನ್ನು ಕುರಿತು.

ಈ ಮಾತಿಗೆ ಕಾರಣವುಂಟು. ನಮ್ಮ ಹಳ್ಳಿಗಳ ಹುಡುಗರು ಕೋಳಿ ಕೂಗುವ ಮೊದಲೇ ಎದ್ದು ರಸ್ತೆಯಲ್ಲಿ ಓಡುತ್ತಿದ್ದಾರೆ. 1600 ಮೀಟರು ಓಡಿ ಗೆದ್ದರೆ ಕಾನ್‌ಸ್ಟೇಬಲ್ ಕೆಲಸ ಸಿಕ್ಕೀತೆಂಬ ಆಸೆ. ಅದೇ ಮನೆಯ ತಂದೆ ಠಾಣೆಯ ಮೆಟ್ಟಿಲು ಹತ್ತಲು ಹೆದರುತ್ತಾನೆ. ಮಗ ಸೇರಬೇಕು, ಅಪ್ಪ ಹೆದರಬೇಕು, ಇದೆಂಥ ಸಂಸ್ಥೆ? ಅಲ್ಲಿ ಹಗಲೂ ರಾತ್ರಿ ನಡೆಯುವುದಾದರೂ ಏನು?

ಸಿನಿಮಾದಲ್ಲಿ ಇನ್‌ಸ್ಪೆಕ್ಟರು ಓಡುತ್ತಾನೆ, ಹೊಡೆಯುತ್ತಾನೆ. ನಿಜವಾದ ಠಾಣೆಯಲ್ಲಿ ಅವನು ಬರೆಯುತ್ತಾನೆ. ಕಾಣೆಯಾದವರ ಅರ್ಜಿ, ಗಂಡಹೆಂಡಿರ ಜಗಳ, ಬದುವಿನ ತಕರಾರು, ಕೋರ್ಟಿನ ಸಮನ್ಸು, ವಾರಂಟು, ಪಾಸ್‌ಪೋರ್ಟಿನ ವಿಚಾರಣೆ, ಎಲ್ಲವೂ ಕಾಗದ. ಕಾಗದ ಮುಗಿಯುವ ಮೊದಲೇ ಬಂದೋಬಸ್ತು ಬರುತ್ತದೆ. ತಿರುಮಲೆ ರಂಗನಾಥಸ್ವಾಮಿಯ ಜಾತ್ರೆಗೆ ಪೋಲೀಸು, ಮಂತ್ರಿಯ ಮದುವೆಯೂಟಕ್ಕೆ ಪೋಲೀಸು, ಕನಕಪುರದ ಕಡೆ ತೋಟಕ್ಕೆ ಆನೆ ನುಗ್ಗಿದರೆ ನೋಡಲು ಮುಗಿಬಿದ್ದ ಜನರನ್ನು ಹಿಂದಕ್ಕೆ ಸರಿಸಲೂ ಪೋಲೀಸು. ಆನೆಗೆ ಅರಣ್ಯ ಇಲಾಖೆ ಇದೆ, ಜನಕ್ಕೆ ಮಾತ್ರ ಕಾನ್‌ಸ್ಟೇಬಲ್ಲೇ ಗತಿ!

ಇವೆಲ್ಲಕ್ಕಿಂತ ಭಾರವಾದದ್ದು ಹೆಣದ ಕೆಲಸ. ಹಗುರವಾಗಿ ಹೇಳುವ ಮಾತಲ್ಲ ಇದು. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣಗಳ ಪಕ್ಕದಲ್ಲೇ ಹಾದುಹೋಗುವ ಆ ದಾರಿಯಲ್ಲಿ ಅಪಘಾತ ಎಷ್ಟಾಯಿತೆಂದರೆ, ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಅಲ್ಲಿಗೆ ಬಿಡುವುದನ್ನೇ ನಿಲ್ಲಿಸಬೇಕಾಯಿತು. ಅಂಥ ಅಪಘಾತವಾದಾಗ ರಾತ್ರಿ ಎರಡು ಗಂಟೆಗೆ ಹೋಗಿ ದೇಹವನ್ನು ಎತ್ತುವವನು, ಶವಾಗಾರದ ಬಾಗಿಲಲ್ಲಿ ಕಾಯುವವನು, ಸತ್ತವನ ಜೇಬಿನ ಮೊಬೈಲಿನಿಂದ ಅವನ ಮನೆಗೇ ಫೋನು ಮಾಡಿ "ಸ್ವಲ್ಪ ಆಸ್ಪತ್ರೆ ಹತ್ತಿರ ಬನ್ನಿ ಅಣ್ಣಾ" ಎನ್ನುವವನು ಒಬ್ಬ ಕಾನ್‌ಸ್ಟೇಬಲ್. ಆ ಫೋನು ಮಾಡುವುದು ಹೇಗೆಂದು ಯಾವ ಕವಾಯತು ಮೈದಾನವೂ ಕಲಿಸಿಕೊಡುವುದಿಲ್ಲ.

ಬಡವನಿಗೆ ಮುಖ್ಯವಾದದ್ದು ಆಮೇಲೆ ಬರುತ್ತದೆ. ಸ್ಥಳದ ಮಹಜರಿನಲ್ಲಿ ಗಾಡಿಯ ನಂಬರು ತಪ್ಪಿದರೆ, ಗಂಟೆ ತಪ್ಪಿದರೆ, ನಾಳೆ ವಿಮಾ ಕಂಪೆನಿಯ ವಕೀಲ ಅದನ್ನೇ ಹಿಡಿದು ಜಗ್ಗುತ್ತಾನೆ. ಪೆನ್ನು ಹಿಡಿದವನು ಹದಿನಾಲ್ಕು ಗಂಟೆ ನಿಂತು ದಣಿದಿದ್ದರೆ ವಿಧವೆಯ ಪರಿಹಾರ ಕೈತಪ್ಪುತ್ತದೆ. ಅಪಘಾತದ ಮೊದಲ ವರದಿಯನ್ನು 48 ಗಂಟೆಯೊಳಗೆ ಪರಿಹಾರ ನ್ಯಾಯಮಂಡಳಿಗೆ ಕಳಿಸಬೇಕೆಂದು 2022ರ ನಿಯಮ ಹೇಳುತ್ತದೆ. ಗುದ್ದಿದ ಗಾಡಿ ಪತ್ತೆಯಾಗದಿದ್ದರೂ ಸತ್ತವರ ಮನೆಯವರಿಗೆ 2 ಲಕ್ಷ, ತೀವ್ರ ಗಾಯವಾದವರಿಗೆ 50,000 ರೂಪಾಯಿ ಸಿಗುವ ಯೋಜನೆಯೂ ಇದೆ. ಎಷ್ಟು ಮನೆಗಳಿಗೆ ಇದು ಗೊತ್ತು? ಗೊತ್ತಿರುವವರು ಪಕ್ಕದವರಿಗೆ ಹೇಳಿ.

ಹದಿನಾಲ್ಕು ಗಂಟೆ ಎಂದದ್ದು ಬಾಯಿಗೆ ಬಂದ ಲೆಕ್ಕವಲ್ಲ. ಕಾಮನ್ ಕಾಸ್ ಸಂಸ್ಥೆ ಮತ್ತು ಸಿ.ಎಸ್.ಡಿ.ಎಸ್. ಸೇರಿ 2019ರಲ್ಲಿ ಪ್ರಕಟಿಸಿದ ವರದಿಯಲ್ಲಿ, ದೇಶದ ಪೋಲೀಸರು ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆಂದು ಹೇಳಿದೆ. ಎಂಟು ಗಂಟೆಯ ದುಡಿಮೆಗಾಗಿ ಪ್ರಾಣ ತೆತ್ತವರ ನೆನಪಿಗೆ ಮೇ ದಿನ ಆಚರಿಸುವ ನಮಗೆ ಈ ಅಂಕಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮಗೆ ಸಂಘವಿದೆ, ಅವನಿಗೆ ಅದೂ ಇಲ್ಲ. 1966ರ ಕೇಂದ್ರ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಪೋಲೀಸಿನವನು ಕಾರ್ಮಿಕ ಸಂಘಕ್ಕೆ ಸೇರುವಂತಿಲ್ಲ. 2016ರ ಜೂನ್ 4ರಂದು ಕರ್ನಾಟಕದ ಪೋಲೀಸರು ಸಾಮೂಹಿಕ ರಜೆ ಹಾಕಲು ಹೊರಟಾಗ ಏನಾಯಿತು? ಸರ್ಕಾರ ಎಸ್ಮಾ ಕಾಯಿದೆ ಹೂಡಿತು, ಮುಂದಾಳುವಿನ ಮೇಲೆ ರಾಜದ್ರೋಹದ ಮೊಕದ್ದಮೆ ಹಾಕಿ ಸೆರೆಗೆ ತಳ್ಳಿತು. ರಜೆ ಕೇಳಿದ್ದು ರಾಜದ್ರೋಹ! ಔರಾದ್ಕರ್ ಸಮಿತಿಯ ವರದಿಯ ಮೇಲೆ ವೇತನ ಪರಿಷ್ಕರಣೆ ಜಾರಿಗೆ ಬಂದದ್ದು 2019ರಲ್ಲಿ. 2025ರಲ್ಲಿ ಹಳೆಯ ಸ್ಲೋಚ್ ಹ್ಯಾಟು ಹೋಗಿ ಹೊಸ ಟೋಪಿ ಬಂತು. ಬಿಸಿಲಲ್ಲಿ ನಿಲ್ಲುವವನಿಗೆ ಹಗುರ ಟೋಪಿ ಒಳ್ಳೆಯದೇ, ನಾವು ಬೇಡವೆನ್ನುವುದಿಲ್ಲ. ನಿಲ್ಲುವ ಗಂಟೆಗಳ ಮಾತನ್ನೂ ಆಡಬೇಕಾಗಿತ್ತು.

ಹಾಗಾದರೆ ಪೋಲೀಸಿನವನೂ ನಮ್ಮಂತೆ ಕೂಲಿಯವನೇ, ಅವನ ತಪ್ಪನ್ನು ಮಾಫಿ ಮಾಡಿ ಎನ್ನುತ್ತೀರಾ ಎಂದು ಕೆಲವರು ಕೇಳಬಹುದು. ಇಲ್ಲ. ದಣಿವು ಲಾಠಿಗೆ ಕಾರಣವಾಗಬಹುದು, ಸಮರ್ಥನೆಯಾಗದು. 2020ರ ನವೆಂಬರಿನಲ್ಲಿ ಬಿಡದಿಯ ಟೊಯೋಟಾ ಕಾರ್ಖಾನೆಗೆ ಬೀಗಮುದ್ರೆ ಬಿದ್ದು ಕಾರ್ಮಿಕರು ತಿಂಗಳುಗಟ್ಟಲೆ ಹೋರಾಡಿದರು. ಇಂಥ ಹೋರಾಟಗಳಲ್ಲೆಲ್ಲ ಗೇಟಿನ ಈಚೆಗೆ ಕೂಲಿಕಾರನ ಮಗ, ಆಚೆಗೆ ಖಾಕಿ ತೊಟ್ಟ ಇನ್ನೊಬ್ಬ ಕೂಲಿಕಾರನ ಮಗ. ಇಬ್ಬರ ಕೈಲೂ ಬುತ್ತಿ ಒಂದೇ, ರಾಗಿಮುದ್ದೆ. ಆದರೆ ಆಜ್ಞೆ ಮೇಲಿನಿಂದ ಬರುತ್ತದೆ, ಪಾಲಿಸದಿದ್ದರೆ ಅಮಾನತು. ಅವನು ಮನಸ್ಸಿನಲ್ಲಿ ಯಾರ ಕಡೆಗಿದ್ದಾನೆಂದು ಎಣಿಸುತ್ತ ಕೂರುವುದರಿಂದ ನಮಗೆ ಲಾಭವಿಲ್ಲ. ಅವನ ಕೈಗೆ ಕಾನೂನು ಎಷ್ಟು ಕೊಟ್ಟಿದೆ, ಎಷ್ಟು ಕೊಟ್ಟಿಲ್ಲ ಎಂಬುದು ನಮಗೆ ಗೊತ್ತಿರಬೇಕು.

ಹಿಡಿದವನನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ ಮಾತು. ಹಿಡಿದ ಸಂಗತಿಯನ್ನು ಮನೆಯವರಿಗೆ ತಿಳಿಸಬೇಕೆಂದು 1996ರಲ್ಲಿ ಡಿ. ಕೆ. ಬಸು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಠಾಣೆಯಲ್ಲಿ ಸಿ.ಸಿ. ಟಿ.ವಿ. ಇರಬೇಕೆಂದು 2020ರಲ್ಲಿ ಹೇಳಿತು. ತನಿಖೆಯಲ್ಲಿ ಪೋಲೀಸರು ಬರೆದುಕೊಳ್ಳುವ ಸಾಕ್ಷಿಯ ಹೇಳಿಕೆಗೆ ನಿಮ್ಮ ಸಹಿ ಬೇಕಾಗಿಲ್ಲ. ಸಾಕ್ಷಿ ಹೇಳಲು ಹೆಂಗಸರನ್ನು ಠಾಣೆಗೆ ಕರೆಸುವಂತಿಲ್ಲ, ಅವರಿರುವಲ್ಲಿಗೆ ಹೋಗಿ ಕೇಳಬೇಕು. ಅವ್ವಂದಿರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಅಂಗಡಿಯವರಿಗೊಂದು ಮಾತು, ಸ್ವಲ್ಪ ಕಹಿಯಾಗಿಯೇ ಹೇಳುತ್ತೇವೆ. ಕೊಟ್ಟ ಸಾಲ ವಸೂಲಿ ಮಾಡಿಕೊಡುವುದು ಪೋಲೀಸರ ಕೆಲಸವಲ್ಲ. ಬಾಕಿದಾರನನ್ನು ಠಾಣೆಗೆ ಕರೆಸಿ ನಾಲ್ಕು ಮಾತು ಬೈಸಿದರೆ ದುಡ್ಡು ಬಂತೆಂದು ಬೀಗುವವರು, ನಾಳೆ ತಮ್ಮ ಮೇಲೆ ಅದೇ ಬಾಣ ಬರುವುದನ್ನು ಕಾಣರು. ರೇಷ್ಮೆ ನೂಲಿನ ಬಾಕಿಯಾಗಲಿ, ಚೀಟಿಯ ಹಣವಾಗಲಿ, ಬರಿಯ ಬಾಕಿಯೇ ಆಗಿದ್ದರೆ ದಾರಿ ಸಿವಿಲ್ ಕೋರ್ಟು. ಮೋಸವಿದ್ದರೆ ಮಾತು ಬೇರೆ. ಮೈಕ್ರೋ ಫೈನಾನ್ಸಿನವರು ಮನೆ ಮುಂದೆ ಕೂತು ಮಾನ ಕಳೆಯುತ್ತಿದ್ದರೆ ಆಗ ಠಾಣೆಗೆ ಹೋಗಿ; ಅಂಥ ಬಲವಂತದ ವಸೂಲಿಯನ್ನು ತಡೆಯಲು 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನು ಬಂದಿದೆ.

ಇನ್ನು ದೂರಿನ ವಿಚಾರ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. "ಇದು ನಮ್ಮ ಸರಹದ್ದಲ್ಲ, ಕುದೂರಿಗೆ ಹೋಗಿ, ಮಾಗಡಿಗೆ ಹೋಗಿ" ಎಂದು ಅಲೆದಾಡಿಸುವಂತಿಲ್ಲ. ಪೋಲೀಸರು ತಾವಾಗಿ ತನಿಖೆ ನಡೆಸಬಹುದಾದ ಅಪರಾಧವಾದರೆ ಯಾವ ಠಾಣೆಯಲ್ಲಾದರೂ ಬರೆದುಕೊಳ್ಳಬೇಕು. ಪ್ರಥಮ ವರ್ತಮಾನ ವರದಿಯ ನಕಲನ್ನು ಬಿಟ್ಟಿಯಾಗಿ ಕೊಡಬೇಕು. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ತಿಳಿಸಬೇಕು. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ, ಮೇಲಧಿಕಾರಿಯ ಒಪ್ಪಿಗೆ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ನಡೆಸಬಹುದೆಂದು ಹೊಸದಾಗಿ ಸೇರಿಸಿದ್ದಾರೆ. ಈ ಹದಿನಾಲ್ಕು ದಿನದಲ್ಲಿ ಉಳ್ಳವನು ರಾಜಿಗೆ ಓಡಾಡುತ್ತಾನೆಂಬ ಭಯ ನಮಗಿದೆ.

ಠಾಣೆಗೆ ಒಬ್ಬರೇ ಹೋಗಬೇಡಿ, ಗುಂಪು ಕಟ್ಟಿಕೊಂಡೂ ಹೋಗಬೇಡಿ. ಓದುಬರಹ ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ದೂರನ್ನು ಮನೆಯಲ್ಲೇ ಎರಡು ಪ್ರತಿ ಬರೆಯಿರಿ: ದಿನ, ಗಂಟೆ, ಸ್ಥಳ, ನೋಡಿದವರ ಹೆಸರು. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಮೊಹರು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲೊಪ್ಪದಿದ್ದರೆ ಜಗಳವಾಡದೆ ಹೊರಗೆ ಬಂದು, ಅದೇ ಕಾಗದವನ್ನು ರಾಮನಗರದ ಜಿಲ್ಲಾ ಪೋಲೀಸ್ ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಆ ರಸೀದಿಯೊಡನೆ ಮ್ಯಾಜಿಸ್ಟ್ರೇಟರ ಬಳಿ ಅರ್ಜಿ ಹಾಕಬಹುದು. ಬರೆಯಲು ಬಾರದವರು ಸಭೆ ಮುಗಿದ ಮೇಲೆ ಇಲ್ಲೇ ಇರಿ. ನಮ್ಮ ಬಳಿ ಕಾಗದ, ಪೆನ್ನು ಎರಡೂ ಇವೆ.